ಒಂದು ಬಸ್ಸಿನಗಲ

"ಆಯ್ತು ಸಾರ್," ಎಂದು ಅಣ್ಣ ಫೋನ್ ಇಟ್ಟುಬಿಟ್ಟಾಗ, ತಮ್ಮ ಗಿಳಿಯ ಬಾಯಲ್ಲಿ ಡಿಪೋ ಮ್ಯಾನೇಜರರ ಧ್ವನಿ ಇನ್ನೂ ಅರ್ಧ ಉಳಿದಿತ್ತು. ಮೂಗಿನಲ್ಲೇ ಮಾತಾಡುವ, ಪ್ರತಿ ಮಾತಿಗೂ "ವಿಷಯ ಏನಪ್ಪಾಂದ್ರೆ" ಎಂದು ಪೀಠಿಕೆ ಹಾಕುವ ಆ ಧ್ವನಿಯನ್ನು ಅವನು ಡಿಪೋದ ಒಂದು ಸಮಾರಂಭದಲ್ಲಿ ಕೇಳಿ ಕರಗತ, ಅಲ್ಲ, ಕಂಠಗತ ಮಾಡಿಕೊಂಡಿದ್ದ. ಪೇಟೆಬೀದಿ ತೆರೆಯುವುದಿಲ್ಲ, ಕೊನೆಯ ಟ್ರಿಪ್ಪನ್ನೂ ಹೊರವರ್ತುಲ ರಸ್ತೆಯಲ್ಲೇ ತರಬೇಕು ಎಂದು ಮ್ಯಾನೇಜರರಾಗಿ ಅಪ್ಪಣೆ ಕೊಡುವುದು, ಅಣ್ಣ ಗೋಗರೆಯುವುದು, ಆಗ ತನ್ನ ಧ್ವನಿಗೆ ಇಳಿದು, "ನಾನು ಕಣೋ, ದಾರಿ ಬಿಟ್ಟಿದೀನಿ, ಬಾ" ಎನ್ನುವುದು. ಇಷ್ಟು ನಾಟಕ. ಅಣ್ಣ ಗೋಗರೆಯಲೇ ಇಲ್ಲ.

ಎರವಲು ತಂದ ಫೋನನ್ನು ಓಟದ ಸ್ಪರ್ಧೆಯ ಸ್ವಯಂಸೇವಕಿಗೆ ಹಿಂತಿರುಗಿಸಿ, ನಗುತ್ತಲೇ ತನ್ನ ಫೋನಿನಿಂದ ಮತ್ತೆ ಕರೆ ಮಾಡಿದ. ಸ್ವಿಚ್ಡ್ ಆಫ್. ಸ್ಟಿಯರಿಂಗ್ ಮೇಲೆ ಕೈ ಇಡುವ ಮೊದಲು ಫೋನಿನ ಉಸಿರು ನಿಲ್ಲಿಸುವುದು ಅಣ್ಣನ ನೇಮ. ಅದಕ್ಕೆ ಹಬ್ಬವಿಲ್ಲ, ಹರಿದಿನವಿಲ್ಲ, ಇವತ್ತಿನಂಥ ನಿವೃತ್ತಿಯ ದಿನವೂ ಇಲ್ಲ. ಬಸ್ಸಿನಲ್ಲಿ ಕಂಡಕ್ಟರೂ ಇರಲಿಲ್ಲ. ಟಿಕೆಟ್ಟು ಕೊಡುವುದು ಯಂತ್ರ, ಅದಕ್ಕೆ ಕಿವಿಯಿಲ್ಲ.

ಗಿಳಿಯದು ರಸ್ತೆಗೆ ಅಡ್ಡ ಹಾಕುವ ಕೆಲಸ. ಅಡ್ಡ ಹಾಕುವವನಿಗೆ ಅಡ್ಡಹೆಸರೂ ಇರಬೇಕಲ್ಲ ಎಂದು ಜೊತೆಯವರು ಇಟ್ಟ ಹೆಸರು ಅದು. ಓಟವೋ ಸಂತೆಯೋ ಮೆರವಣಿಗೆಯೋ, ಜನ ಸೇರುವ ಕಡೆ ಯಾವ ಗಾಡಿಯೂ ನುಗ್ಗದಂತೆ ಬೆಳಗಾಗುವಷ್ಟರಲ್ಲಿ ತಡೆ ಕಟ್ಟಿ, ಸಂಜೆಗೆ ಬಿಚ್ಚಿಕೊಂಡು ಹೋಗಬೇಕು. ತಡೆಯೆಂದರೆ ಗೋಡೆಯಲ್ಲ. ಮೊಣಕಾಲೆತ್ತರದ ಉಕ್ಕಿನ ತುಂಡುಗಳು. ಹಿಂದೆ ಎರಡು ಗಾಲಿ, ಮೇಲೊಂದು ಹಿಡಿ, ಮುಂದೆ ನೆಲಕ್ಕೆ ಕವುಚಿದ ಹಲ್ಲು. ಒಬ್ಬನೇ ಸೂಟ್‌ಕೇಸಿನ ಹಾಗೆ ಎಳೆದು ತಂದು, ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಕೊಂಡಿ ಹಾಕಬಹುದು. ಲಾರಿ ಬಂದು ಗುದ್ದಿದರೆ ಅದು ಎದೆಯುಬ್ಬಿಸಿ ನಿಲ್ಲುವುದಿಲ್ಲ. ಹಿಂದಕ್ಕೆ ವಾಲುತ್ತದೆ, ವಾಲುತ್ತಲೇ ಲಾರಿಯ ಹೊಟ್ಟೆಗೆ ಹಲ್ಲು ಕೊಟ್ಟು ಕಚ್ಚಿಕೊಳ್ಳುತ್ತದೆ. "ನಮ್ಮಣ್ಣನ ಥರ, ಬಗ್ಗೋದೇ ಅದರ ಗುಣ," ಎಂದು ಹೊಸಬರಿಗೆ ಪಾಠ ಹೇಳುವಾಗ ಗಿಳಿ ನಗಿಸುತ್ತಿದ್ದ. ಕಚ್ಚುವ ಗುಣ ಮಾತ್ರ ಅಣ್ಣನಿಗಿರಲಿಲ್ಲ.

ಪೇಟೆಬೀದಿಯ ನಡುವೆ ಅತ್ತಿಗೆಯ ಹೊಲಿಗೆ ಅಂಗಡಿ, ಅದರೆದುರೇ ಬಸ್ ಸ್ಟಾಪು. ಅಣ್ಣನ ಬಸ್ಸು ಹಾದುಹೋಗುವಾಗ ಎರಡು ಸಲ ಹಾರ್ನ್ ಕೊಡುತ್ತಿತ್ತು, ಅತ್ತಿಗೆ ಮಿಶನ್ನು ನಿಲ್ಲಿಸಿ ತಲೆಯೆತ್ತುತ್ತಿದ್ದಳು. ಅವರ ಸಂಸಾರದ ಹಗಲಿನ ಮಾತುಕತೆಯೆಲ್ಲ ಅಷ್ಟರಲ್ಲೇ ಮುಗಿಯುತ್ತಿತ್ತು. ಇಷ್ಟು ವರ್ಷಗಳಲ್ಲಿ ಗಂಡ ಓಡಿಸುವ ಬಸ್ಸನ್ನು ಅವಳು ಒಮ್ಮೆಯೂ ಹತ್ತಿರಲಿಲ್ಲ. ಅಂಗಡಿ ಬಿಟ್ಟು ಏಳಲು ಪುರುಸೊತ್ತು ಇರಲಿಲ್ಲ. ಕೊನೆಯ ಟ್ರಿಪ್ಪಿಗೆ ಇಲ್ಲಿಂದ ಹತ್ತಿ, ಮುಂದಿನ ಸೀಟಿನಲ್ಲಿ ಕೂತು, ಡಿಪೋವರೆಗೆ ಹೋಗಬೇಕೆಂದು ಅತ್ತಿಗೆ ಮೈದುನ ಸೇರಿ ಗುಟ್ಟಾಗಿ ಹೂಡಿದ್ದರು. ಅಣ್ಣನಿಗೆ ಗೊತ್ತಿದ್ದದ್ದು ಇಷ್ಟೇ: ಓಟದ ಸ್ಪರ್ಧೆಗೆಂದು ದಿನವಿಡೀ ಮುಚ್ಚಿರುವ ಬೀದಿ, ತನ್ನ ಕೊನೆಯ ಟ್ರಿಪ್ಪಿಗೆ ಮಾತ್ರ ತೆರೆಯುತ್ತದೆ. ಅದಕ್ಕೆ ಗಿಳಿ ಸಂಚಾರಿ ಇನ್‌ಸ್ಪೆಕ್ಟರರನ್ನು ವಾರವೆಲ್ಲ ಕಾಡಿ ಒಪ್ಪಿಸಿದ್ದ. ಕೊನೆಯ ಓಟಗಾರ ದಾಟಿದ ಮೇಲೆ, ಬಹುಮಾನದ ಗದ್ದಲ ಶುರುವಾಗುವ ಮೊದಲು, ಒಂದು ಬಸ್ಸು, ಒಂದೇ ಒಂದು ಬಸ್ಸಿನಗಲ ಎಂದು ಅವರು ಬೆರಳೆತ್ತಿ ಎಚ್ಚರಿಸಿದ್ದರು.

ಈಗ ಆ ಅಗಲ ತೆರೆದುಕೊಂಡು ನಿಂತಿತ್ತು. ಬಿಚ್ಚಿದ ತುಂಡುಗಳು ಪಕ್ಕದಲ್ಲಿ ಬಾಯಿ ಮುಚ್ಚಿಕೊಂಡು ಸಾಲಾಗಿದ್ದವು. ಇನ್‌ಸ್ಪೆಕ್ಟರು ಹಗ್ಗ ಹಿಡಿದು ಜನರನ್ನು ಹಿಂದೆ ಸರಿಸುತ್ತಿದ್ದರು. ಸ್ಟಾಪಿನಲ್ಲಿ ಅತ್ತಿಗೆ, ಇದ್ದುದರಲ್ಲಿ ಒಳ್ಳೆಯ ಬಟ್ಟೆಯುಟ್ಟು, ಕೊರಳಿನ ಅಳತೆ ಟೇಪನ್ನು ಮಾತ್ರ ತೆಗೆಯಲು ಮರೆತು ನಿಂತಿದ್ದಳು. ಗಿಳಿಯನ್ನು ನೋಡಿ ಕೈ ಬೀಸಿದಳು. ಅವನೂ ಬೀಸಿದ.

ಡಿಪೋದ ಕಂಟ್ರೋಲ್ ರೂಮಿಗೆ ಹೇಳಿದರೆ ಅವರು ವೈರ್‌ಲೆಸ್ಸಿನಲ್ಲಿ ಬಸ್ಸಿಗೆ ಮುಟ್ಟಿಸುತ್ತಾರೆ. ನಂಬರು ಅವನ ಬಳಿಯೇ ಇತ್ತು; ದಾರಿ ಮುಚ್ಚುವ ಪ್ರತಿ ಕೆಲಸಕ್ಕೂ ಬೇಕಾಗುವ ನಂಬರು. ಆದರೆ ಏನೆಂದು ಹೇಳುವುದು? ನಿಮ್ಮ ಮ್ಯಾನೇಜರರ ಹೆಸರಿನಲ್ಲಿ ಅಪ್ಪಣೆ ಕೊಟ್ಟವನು ನಾನು ಎಂದೇ? ಗುತ್ತಿಗೆ ಹೋದೀತು, ಪೊಲೀಸರು ಕಿವಿ ಹಿಂಡಿಯಾರು. ಅಣ್ಣನಿಗೇ ಅನುಮಾನ ಬಂದು, ತಿರುಗಿ ಡಿಪೋವನ್ನು ಕೇಳಿ, ಈ ಕಡೆಗೇ ಬಂದರೂ ಬಂದಾನು ಎಂದುಕೊಂಡ. ಜೀವಮಾನದಲ್ಲಿ ಯಾರನ್ನೂ ತಿರುಗಿ ಕೇಳದವನು ಇವತ್ತೂ ಕೇಳುವುದಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು. ನೂರು ಗಂಟಲಲ್ಲಿ ಮಾತಾಡಬಲ್ಲವನು ತನ್ನ ಗಂಟಲು ಹುಡುಕುತ್ತ ಬೀದಿಯ ತಿರುವನ್ನೇ ನೋಡುತ್ತ ನಿಂತ. ಫೋನಿನ ಪರದೆ ಕೈಯಲ್ಲೇ ಕಪ್ಪಾಯಿತು.

"ಎಲ್ರೀ ನಿಮ್ಮ ಬಸ್ಸು?" ಎಂದು ಇನ್‌ಸ್ಪೆಕ್ಟರು ಕೇಳಿದರು. ಇನ್ನು ಸ್ವಲ್ಪ ಎಂದು ಗಿಳಿ ಬೇಡಿಕೊಂಡ. ಸ್ವಲ್ಪವೂ ಆಯಿತು, ಅದರ ಮೇಲಿನ ಸ್ವಲ್ಪವೂ ಆಯಿತು. ವೇದಿಕೆಯಲ್ಲಿ ಮೈಕು ಕೆಮ್ಮಿತು, ಜನ ಹಗ್ಗದ ಮೇಲೆ ವಾಲತೊಡಗಿದರು. ಇನ್‌ಸ್ಪೆಕ್ಟರು ಬಾಯಿ ತೆರೆಯದೆ ಅಂಗೈಯನ್ನು ಬಾಗಿಲಿನ ಹಾಗೆ ಮುಚ್ಚಿ ತೋರಿಸಿದರು. ಗಿಳಿ ಆಳುಗಳನ್ನು ಕರೆಯದೆ ತಾನೇ ಒಂದೊಂದಾಗಿ ತುಂಡುಗಳನ್ನು ಎಳೆದು ತಂದು ಕೊಂಡಿ ಹಾಕಿದ.

ಆಮೇಲೆ ಸ್ಟಾಪಿಗೆ ನಡೆದು ಹೋಗಿ ಅತ್ತಿಗೆಗೆ ಎಲ್ಲವನ್ನೂ ಹೇಳಿದ. ಅವನ ಅಣಕಕ್ಕೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ಅವಳೇ. ಈಗ ಮುಚ್ಚಿದ ಸಾಲನ್ನೇ ನೋಡುತ್ತಿದ್ದಳು.

"ನಿಮ್ಮಣ್ಣ ಏನಂದ್ರು?"

"ಆಯ್ತು ಸಾರ್ ಅಂದ."

"ಅನ್ನದೆ ಇನ್ನೇನು." ಅವನತ್ತ ತಿರುಗಿ ಕೇಳಿದಳು: "ಡಿಪೋಗೆ ಒಂದು ಫೋನ್ ಮಾಡಿದ್ರೆ ಬಸ್ಸಿಗೆ ಹೇಳ್ತಿರ್ಲಿಲ್ವಾ?"

"ಹೇಳ್ತಿದ್ರು ಅತ್ತಿಗೆ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ತಲೆಬಾಗಿ, ಕಿವಿ ಹಿಡಿದು, ಏನೋ ಒಂದು ಆಟ ಕಟ್ಟಿ ದಡ ಸೇರುತ್ತಿದ್ದ. ಕೊರಳಲ್ಲಿ ಟೇಪು ಇರುವುದು ಅವಳಿಗೆ ಆಗಷ್ಟೇ ತಿಳಿದಂತಿತ್ತು. ಅದನ್ನು ಬೆರಳಿಗೆ ಸುತ್ತುತ್ತ ಹೋಗಿ ಅಂಗಡಿಯ ಬೀಗ ತೆಗೆದಳು.

ಇಳಿಬಿಸಿಲಲ್ಲಿ ಬೀದಿ ಖಾಲಿಯಾಗಿ, ಗಿಳಿ ತಡೆಗಳನ್ನು ವ್ಯಾನಿಗೆ ಏರಿಸುತ್ತಿದ್ದಾಗ ಅಣ್ಣ ನಡೆದುಕೊಂಡು ಬಂದ. ಮೈಮೇಲೆ ಇನ್ನೂ ಸಮವಸ್ತ್ರ, ಕಂಕುಳಲ್ಲಿ ಕಾಗದ ಸುತ್ತಿದ ಗೋಡೆಗಡಿಯಾರ. ಇನ್ನು ಹೊತ್ತು ನೋಡುವ ಕೆಲಸವಿಲ್ಲ ಅಂತಲೇ ಗಡಿಯಾರ ಕೊಟ್ಟು ಕಳಿಸಿದರು ಎಂದು ನಗುತ್ತ, ಅದನ್ನು ಹೊಲಿಗೆ ಮೇಜಿನ ಮೇಲಿಟ್ಟ. ಗಿಳಿ ಅಂಗಡಿಯ ಮೆಟ್ಟಿಲವರೆಗೆ ಬಂದು ನಿಂತ.

"ನೀನು ಪಾಪ ದಾರಿ ಬಿಟ್ಕೊಂಡು ಕಾದ್ಯೇನೋ. ತಪ್ಪು ತಿಳ್ಕೋಬೇಡ ಕಣೋ. ಮ್ಯಾನೇಜರೇ ಹೇಳಿದ ಮೇಲೆ ನಾನೇನು ಮಾಡ್ಲಿ?"

ಗಿಳಿ ಬಾಯಿ ತೆರೆದ. "ಅಣ್ಣಾ, ಆ ಫೋನು..."

"ಅದೇ ಹೇಳ್ತಿದೀನಿ ಕೇಳು. ಬೀಳ್ಕೊಡುಗೆಗೆ ಅವರು ಬಂದಿರ್ಲಿಲ್ಲ, ಗುಮಾಸ್ತರ ಕೈಲಿ ಗಡಿಯಾರ ಕೊಡಿಸಿದ್ರು. ಆದ್ರೆ ನೋಡು, ಮರೀದೆ ಫೋನ್ ಮಾಡಿದ್ರು. ಅವರೇ, ಖುದ್ದಾಗಿ. ನಿಮ್ಮಂಥ ಡ್ರೈವರ್ ಮತ್ತೆ ನಮಗೆ ಸಿಗಲ್ಲ ಅಂದ್ರು."

ಪಾತ್ರ ಕಳೆಗಟ್ಟಲೆಂದು ಗಿಳಿ ತಾನಾಗಿ ಸೇರಿಸಿದ ಮಾತು ಅದು. ಅಪ್ಪಣೆಗೆ ಮೊದಲು ಬೆಲ್ಲ ಸವರುವಂತೆ.

ಅತ್ತಿಗೆ ಮೈದುನನನ್ನು ಒಮ್ಮೆ ನೋಡಿದಳು. ಹಲ್ಲಿನಲ್ಲಿ ದಾರ ಕಡಿದು, "ಹೇಗೆ ಅಂದ್ರು? ಅವರು ಅಂದ ಹಾಗೇ ಹೇಳಿ," ಎಂದಳು.

ಹುಟ್ಟಿದಾಗಿನಿಂದ ಯಾರನ್ನೂ ಅಣಕಿಸದ ಅಣ್ಣ ನಾಚಿಕೊಂಡ. ಗಂಟಲು ಸರಿಮಾಡಿ, ಎರಡು ಬೆರಳಲ್ಲಿ ಮೂಗು ಹಿಡಿದು ಹೇಳಿದ: "ವಿಷಯ ಏನಪ್ಪಾಂದ್ರೆ..." ಸ್ವಲ್ಪವೂ ಸರಿಬರಲಿಲ್ಲ. ಅತ್ತಿಗೆ ನಕ್ಕಳು. ಗಿಳಿ ಮೆಟ್ಟಿಲಿಳಿದು ತಡೆಗಳತ್ತ ನಡೆದ.

ಅಣ್ಣ ಹಿಂದೆಯೇ ಬಂದು ಕೊನೆಯ ತುಂಡಿನ ಹಿಡಿಗೆ ಕೈ ಹಾಕಿದ. ಇಷ್ಟು ಹಗುರಕ್ಕೆ ಉರುಳುತ್ತದಲ್ಲ ಎಂದು ಆಶ್ಚರ್ಯಪಟ್ಟ. ಅಷ್ಟರಲ್ಲಿ ತೆರೆದ ಬೀದಿಗೆ ಆ ದಿನದ ಮೊದಲ ಬಸ್ಸು ತಿರುಗಿಕೊಂಡಿತು. ಅದೇ ರೂಟು, ಬೇರೆ ಡ್ರೈವರು. ಇಬ್ಬರೂ ಪಕ್ಕಕ್ಕೆ ಸರಿದರು. ಸ್ಟಾಪಿನಲ್ಲಿ ಹತ್ತುವವರಿರಲಿಲ್ಲ, ಬಸ್ಸು ನಿಲ್ಲಲಿಲ್ಲ. ಅದು ಅಂಗಡಿಯ ಮುಂದೆ ಹಾಯುವಾಗ ಹಿಡಿಯ ಮೇಲಿದ್ದ ಅಣ್ಣನ ಅಂಗೈ ಎರಡು ಸಲ ಒತ್ತಿತು.

ಒಳಗೆ ಓಡುತ್ತಿದ್ದ ಮಿಶನ್ನು ಒಂದು ಗಳಿಗೆ ನಿಂತು, ಮತ್ತೆ ಓಡತೊಡಗಿತು.