ಬರಿಗಾಲಿನ ಅರ್ಘ್ಯ

ಬೆಳಗಿನ ಅರ್ಘ್ಯ ಕೊಟ್ಟು ನಮ್ಮವರು ಟೆಂಟಿನ ಕಡೆ ಆರಾಮಾಗಿ ನಡೆದು ಬರುತ್ತಿದ್ದರು. ಬಲಗಾಲಿನ ಪಕ್ಕಕ್ಕೆ ನಿಂಬೆಹಣ್ಣಿನಷ್ಟು ದೊಡ್ಡ ಕಳ್ಳಿಯ ತುಂಡು ಕಚ್ಚಿಕೊಂಡಿತ್ತು. ಮುಖದಲ್ಲಿ ಮಾತ್ರ ಒಂದು ಗೆರೆಯೂ ಕದಲಿರಲಿಲ್ಲ.

"ರೀ, ಅಲ್ಲೇ ನಿಲ್ಲಿ! ಕಾಲು ನೋಡ್ಕೊಳ್ಳಿ!"

ಪ್ರಭಾಕರ ಬಗ್ಗಿ ನೋಡಿದರು. "ಅರೆ, ಇದು ಯಾವಾಗ ಚುಚ್ಚಿಕೊಂಡ್ತು?"

ಇವರಿಗೆ ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಇವರ ಅಣ್ಣನಿಗೂ ಇದೇ ಕಾಯಿಲೆ ಇತ್ತು. ಒಂದು ಸಣ್ಣ ಗಾಯ ಕೊಳೆತು ಪಾದವನ್ನೇ ತೆಗೆಯಬೇಕಾಯಿತು.

ನಮ್ಮೂರು ಮೆಟುಚೆನ್‌ನ ಸ್ನೋ ಸಾಕಾಯಿತು, ಜನವರಿಯಲ್ಲಿ ನಾಲ್ಕು ದಿನ ಬೆಚ್ಚಗಿರೋಣ ಎಂದು ಅರಿಜೋನಾದ ಈ ಮರುಭೂಮಿ ಬೆಟ್ಟದ ಬುಡಕ್ಕೆ ಕ್ಯಾಂಪಿಂಗಿಗೆ ಎಳೆದುಕೊಂಡು ಬಂದವರು ಇವರೇ. ಮನೆಯಲ್ಲಾದರೆ ಸಿಂಕಿನ ಮುಂದೆ ನಿಂತು ಕಿಟಕಿಯ ಸೂರ್ಯನಿಗೇ ಅರ್ಘ್ಯ ಒಪ್ಪಿಸುವ ಮನುಷ್ಯ. ಇಲ್ಲಿ ಬಯಲು ಕಂಡದ್ದೇ ತಡ, ಶೂ ಕಳಚಿಟ್ಟು ಚೆಂಬು ಹಿಡಿದು ಹೊರಟುಬಿಟ್ಟರು. ಶೂ ಹಾಕಿಕೊಂಡು ಕೊಟ್ಟಿದ್ದರೆ ಸೂರ್ಯ ಬೇಡ ಅನ್ನುತ್ತಿದ್ದನೇ?

ಬೆಂಚಿನ ಮೇಲೆ ಕೂರಿಸಿ, ಬಾಚಣಿಗೆಯಿಂದ ಕಳ್ಳಿಯನ್ನು ಮೀಟಿ ಎಸೆದೆ. ಉಳಿದ ಮುಳ್ಳುಗಳನ್ನು ಟ್ವೀಜರಿನಲ್ಲಿ ಹಿಡಿದೆಳೆದಾಗ ಚರ್ಮವೂ ಜೊತೆಗೆ ಎದ್ದು ಬರುತ್ತಿತ್ತು. ರಕ್ತ ಜಿನುಗಿತು. ಫೋನಿಗೆ ಸಿಗ್ನಲ್ ಇಲ್ಲ, ಆಸ್ಪತ್ರೆಗೆ ಒಂದೂವರೆ ಗಂಟೆಯ ದಾರಿ.

"ನೋವಾಗ್ತಿಲ್ವಾ?"

"ಅಷ್ಟೇನಿಲ್ಲ ಉಷಾ. ಕಾಫಿ ಆಯ್ತಾ?"

ಸಿಟ್ಟು ನೆತ್ತಿಗೇರಿತು. "ಕಣ್ಣು ಮುಚ್ಕೊಳ್ಳಿ. ಈಗ ಯಾವ ಬೆರಳು ಮುಟ್ತಿದೀನಿ, ಹೇಳಿ."

ಕಣ್ಣು ಮುಚ್ಚಿಕೊಂಡು ಹೇಳಿದರು, "ಹೆಬ್ಬೆರಳು."

ನಾನು ಯಾವ ಬೆರಳನ್ನೂ ಮುಟ್ಟಿರಲಿಲ್ಲ.

"ಯಾವಾಗಿಂದ ಹೀಗೆ?"

"ದೀಪಾವಳಿಯಿಂದ. ಮೊದಲು ಬರೀ ಜೋಮು ಹಿಡೀತಿತ್ತು. ಹೇಳಿದ್ರೆ ಡ್ರೈವಿಂಗ್ ಬಿಡಿಸ್ತೀಯ ಅಂತ ಸುಮ್ಮನಿದ್ದೆ."

ಡ್ರೈವಿಂಗ್! ಅಲ್ಲಿಯವರೆಗೆ ಅದು ನನಗೆ ಹೊಳೆದಿರಲೇ ಇಲ್ಲ. ಪ್ರತಿದಿನ ರೂಟ್ ಒನ್ ಹೈವೇ ಮೇಲೆ ಪ್ರಿನ್ಸ್‌ಟನ್‌ಗೆ ಕೆಲಸಕ್ಕೆ ಹೋಗುವವರು ಇವರು. ಹೋಗುವಾಗ ನಾಲ್ಕು ವರ್ಷದ ಮೊಮ್ಮಗಳು ನಂದಿತಾಳನ್ನು ಡೇಕೇರಿಗೆ ಬಿಡುವವರೂ ಇವರೇ.

"ಬ್ರೇಕ್ ತುಳಿದಿದ್ದು ಹೇಗ್ರೀ ಗೊತ್ತಾಗತ್ತೆ?"

"ಬಗ್ಗಿ ನೋಡ್ಕೋತೀನಿ. ಒಂದು ಸೆಕೆಂಡ್ ಅಷ್ಟೇ."

ನನಗೆ ಭಯವಾಯಿತು. ಮೂವತ್ತೊಂದು ವರ್ಷ ಜೊತೆಗೆ ಬಾಳಿದ ಈ ಮನುಷ್ಯನನ್ನು ಕಂಡೇ ಭಯವಾಯಿತು. ಗಾಯ ತೊಳೆದು, ಬಟ್ಟೆ ಸುತ್ತಿ, ಕೈ ಚಾಚಿದೆ.

"ಕಾರ್ ಕೀ ಕೊಡಿ."

"ನೀನು ಹೈವೇ ಮೇಲೆ ಓಡಿಸೇ ಇಲ್ವಲ್ಲ."

"ಕೊಡಿ ಅಂದೆ."

ಕೀ ಕೊಟ್ಟು, ನನ್ನ ಭುಜ ಹಿಡಿದು ಕಾರಿನವರೆಗೆ ಬಂದು ಪಕ್ಕದ ಸೀಟಿನಲ್ಲಿ ಕೂತರು. ಬೆಲ್ಟ್ ಹಾಕಿಕೊಳ್ಳಲು ಹೋಗಿ ಕೈ ನಿಲ್ಲಿಸಿದರು. ಕಣ್ಣು ತುಂಬಿತ್ತು.

"ತಾತ ಯಾಕೆ ಕರ್ಕೊಂಡು ಹೋಗಲ್ಲ ಅಂತ ನಂದಿತಾ ಕೇಳಿದ್ರೆ ಏನು ಹೇಳೋದು ಉಷಾ?"

"ನಿಜ ಹೇಳಿ," ಎಂದೆ. ಕಾರು ಸ್ಟಾರ್ಟ್ ಮಾಡಿದೆ.