ಸೋದರತ್ತೆ ಕರೆಯುವ ಹೆಸರು

"ಸೆರಗು ತೆಗ್ಯವ್ವ, ಮಗ ನಿನ್ ಮೊಕ ನೋಡ್ಲಿ" ಎಂದು ಚಿಕ್ಕಬೋರಮ್ಮ ಮೊಮ್ಮಗನನ್ನು ಮಗಳತ್ತ ಚಾಚಿದಳು. ಸುನಿತಾ ಸೆರಗನ್ನು ಬಾಯಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡು ಹಿಂದೆ ಸರಿದಳು. ಅರಕೆರೆಯ ಆ ನಡುಮನೆಯಲ್ಲಿ ಸರಿಯುವುದಕ್ಕಾದರೂ ಜಾಗವೆಲ್ಲಿತ್ತು? ಬೆನ್ನಿಗೆ ಗೋಡೆ, ಮುಂದೆ ಹೂ ಸುತ್ತಿದ ತೊಟ್ಟಿಲು, ಸುತ್ತಲೂ ನೆಂಟರು.

ಸುನಿತಾಳ ತಮ್ಮ ಕುಮಾರನ ಮಗುವಿಗೆ ಹೆಸರಿಡುವ ದಿನ. ಸೋದರತ್ತೆಯಾದವಳು ಮಗುವಿನ ಕಿವಿಗೆ ಬಾಯಿಟ್ಟು ಮೂರು ಸಲ ಹೆಸರು ಕರೆದರೇನೇ ಶಾಸ್ತ್ರ ಮುಗಿಯುವುದು. ಹೆಸರೂ ಅವಳು ಆರಿಸಿದ್ದೇ: ಸಿದ್ಧಾರ್ಥ. ಮದುವೆಯಾದ ಹೊಸತರಲ್ಲಿ, ತನಗೆ ಹುಟ್ಟುವ ಮಗನಿಗೆಂದು ಎತ್ತಿಟ್ಟುಕೊಂಡಿದ್ದಳು. ಆ ಮಗ ಬರಲೇ ಇಲ್ಲ. ತಮ್ಮ ಫೋನಿನಲ್ಲಿ "ಒಂದೊಳ್ಳೆ ಎಸ್ರು ಯೋಳಕ್ಕ" ಎಂದಾಗ ಹಿಂದುಮುಂದು ನೋಡದೆ ಕೊಟ್ಟುಬಿಟ್ಟಳು. ಕೊಟ್ಟ ಮೇಲೆ ಬಚ್ಚಲಲ್ಲಿ ಕೂತು ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು ಹೋಗಿ ಹೊಸ ಸೀರೆ ತಂದಳು.

ಸೆರಗಿನಡಿ ಮುಚ್ಚಿಟ್ಟ, ತುಟಿಯಂಚಿನ ಈ ಹಾಳು ಗುಳ್ಳೆ ಅವಳಿಗೆ ಹೊಸದಲ್ಲ. ಮೈ ದಣಿದಾಗ, ಮನಸ್ಸು ಕೆಟ್ಟಾಗ ಕರೆಯದೆ ಬರುವ ನೆಂಟ. ಕಿಕ್ಕೇರಿಯ ಡಾಕ್ಟರು ಅಸೈಕ್ಲೋವಿರ್ ಮಾತ್ರೆ ಬರೆದುಕೊಟ್ಟಿದ್ದರು. "ಈ ವೈರಸ್ಸು ಒಳಗೇ ಮಲಗಿರ್ತದಮ್ಮ. ತುಟಿ ಚುರುಗುಟ್ಟಿದ ತಕ್ಷಣ ಮಾತ್ರೆ ಶುರು ಮಾಡ್ಬೇಕು, ಗುಳ್ಳೆ ಎದ್ದ ಮೇಲಲ್ಲ. ಎದ್ದಿದ್ರೆ ಹಸುಗೂಸಿನ ಹತ್ರ ಬಾಯಿ ತರಬೇಡಿ, ಅದರ ಜೀವಕ್ಕೇ ಅಪಾಯ." ತಕ್ಷಣ ನುಂಗಿದಾಗ ಗುಳ್ಳೆ ಅಡಗಿದ್ದೂ ಉಂಟು.

ಈ ಸಲ ತುಟಿ ಚುರುಗುಟ್ಟಿದ್ದು ಮೊನ್ನೆ ಸೋಮವಾರ ಬೆಳಿಗ್ಗೆ. ಸೋಮವಾರ ಅವಳ ಉಪವಾಸ, ಮಕ್ಕಳಾಗಲೆಂದು ಹೊತ್ತ ಹರಕೆ. ದೀಪ ಹಚ್ಚುವ ತನಕ ತೊಟ್ಟು ನೀರೂ ಇಲ್ಲ. ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ದೇವರ ಪಟ ನೋಡಿದಳು. ಸಂಜೆಗೆ ನುಂಗಿದರಾಯಿತು ಎಂದು ಎತ್ತಿಟ್ಟಳು. ಸಂಜೆಯ ಹೊತ್ತಿಗೆ ಗುಳ್ಳೆ ಎದ್ದು ನೀರು ತುಂಬಿಕೊಂಡಿತ್ತು.

"ತುಟೀಲಿ ಗುಳ್ಳೆ ಎದ್ದದೆ ಕಣವ್ವ. ಮಗೀಗೆ ಅಂಟ್ತದೆ" ಎಂದಳು.

"ಜೇಡ ಉಚ್ಚೆ ಉಯ್ದಿರಾದು, ಅದ್ಕ್ಯಾಕಿಷ್ಟು ರಂಪ? ನಂಗೂ ಬತ್ತಿತ್ತು. ಮುತ್ತಿಕ್ಕೇ ಸಾಕ್ನಿಲ್ವಾ ನಿನ್ನ?"

ಸುನಿತಾ ಅವ್ವನ ತುಟಿಯನ್ನೇ ನೋಡಿದಳು. ಆ ಮುತ್ತಿನಿಂದಲೇ ತನಗೂ ಅಂಟಿರಬೇಕು.

"ದೂರದಿಂದ್ಲೇ ಕರೀತೀನಿ ಬುಡವ್ವ."

"ದೂರ್ದಿಂದ ಕರ್ಯಾಕೆ ಅದೇನ್ ಕರುವಾ?"

ನೆಂಟರು ನಕ್ಕರು. ನಗುವಿನ ಹಿಂದಿನಿಂದ ಒಂದು ಹೆಂಗಸಿನ ದನಿ ಬಂತು: "ಮಕ್ಕಳಿಲ್ದೋಳು, ಒಟ್ಟೆ ಉರೀತದೆ. ಬಲವಂತ ಮಾಡ್ಬೇಡಿ ಬುಡಿ."

ಸುನಿತಾ ಸೆರಗಿನ ಅಂಚು ಹಿಡಿದಳು. ಈಗ ಸೆರಗು ತೆಗೆದು ಮಗುವನ್ನು ಎತ್ತಿಕೊಂಡರೆ ಈ ಮಾತು ಸುಳ್ಳಾಗುತ್ತದೆ. ಮಗು ಬಾಯಿ ಚಪ್ಪರಿಸುತ್ತ ಅವಳ ಕಡೆಗೇ ಹೊರಳಿತು. ಅದರ ಹಾಲಿನ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿ ಮುಂದೆ ಹೋಯಿತು, ಅವಳೇ ಅದನ್ನು ಹಿಂದಕ್ಕೆ ಎಳೆದುಕೊಂಡಳು.

"ನಾ ಕರ್ಯಾಕಿಲ್ಲ. ಮೇಘನ ಕರೀಲಿ, ಅವ್ಳೂ ಸೋದರತ್ತೇನೇ."

ಚಿಕ್ಕಬೋರಮ್ಮ ಮುಖ ತಿರುಗಿಸಿದಳು. ಕುಮಾರ ನೆಲ ನೋಡಿದ. ಅವನ ಹೆಂಡತಿ ಪ್ರಮೀಳಾ ಎದ್ದು ಬಂದು ಮಗುವನ್ನು ಇಸಿದುಕೊಂಡಳು. ಕಾಡಿಗೆ ಡಬ್ಬಿ ತೆಗೆದು, ಸುನಿತಾಳ ಕಡೆಗಿದ್ದ ಕೆನ್ನೆಗೆ ದೊಡ್ಡದೊಂದು ದೃಷ್ಟಿಬೊಟ್ಟಿಟ್ಟಳು.

ದೊಡ್ಡಪ್ಪನ ಮಗಳು ಮೇಘನ ನಗುನಗುತ್ತ ಬಗ್ಗಿ ಮಗುವಿನ ಕಿವಿಗೆ ಬಾಯಿಟ್ಟಳು. "ಸಿದ್ಧಾರ್ಥ, ಸಿದ್ಧಾರ್ಥ, ಸಿದ್ಧಾರ್ಥ." ಎಲ್ಲರೂ ಚಪ್ಪಾಳೆ ತಟ್ಟಿದರು.

ಗೋಡೆಗೆ ಒರಗಿದ್ದ ಸುನಿತಾಳ ಬಾಯಿ ಸೆರಗಿನೊಳಗೆ ಮೂರು ಸಲ ಅಲುಗಾಡಿತು. ಒಡೆದ ಗುಳ್ಳೆಗೆ ಹೊಸ ಸೀರೆಯ ಜರಿ ತಾಗಿ ಉರಿಯುತ್ತಿತ್ತು.