ಮೈಲವ್ವನ ಸಾಲಿನ ಹೂ

ಮೈಲವ್ವ ಹತ್ತಿಯ ಗಂಡುಹೂವಿನ ಎಸಳನ್ನು ಹಿಂದಕ್ಕೆ ಮಡಚಿ, ನಿನ್ನೆ ಸಂಜೆ ಉಗುರಿನಿಂದ ಕೇಸರ ಸುಲಿದಿಟ್ಟಿದ್ದ ಹೆಣ್ಣುಮೊಗ್ಗಿಗೆ ಅದರ ಪರಾಗದ ಪುಡಿ ಸವರುತ್ತಿದ್ದಳು. ಸವರಿ, ದಾರ ಕಟ್ಟಿ, ಮುಂದಿನ ಗಿಡ. ರಾಣೆಬೆನ್ನೂರಿನ ಸುತ್ತ ಕಂಪನಿಗೆ ಮಿಶ್ರತಳಿ ಬೀಜ ಬೆಳೆದುಕೊಡುವ ಪ್ಲಾಟುಗಳು ಬಂದಾಗಿನಿಂದ, ಆರು ವರ್ಷ, ಪ್ರಭುಲಿಂಗಪ್ಪನ ಹೊಲದಲ್ಲಿ ಅವಳದು ಇದೇ ಕೂಲಿ. ಹೊಸಬರಿಗೆ ಕಲಿಸುವವಳೂ ಅವಳೇ.

"ಮಧ್ಯಾಹ್ನ ಕಂಪನಿ ಶಂಕ್ರಪ್ಪ ಬರ್ತಾನಂತ. ನಿನ್ನ ಹತ್ತು ಗುಂಟೆಗೆ ಪ್ಲಾಟು ಬರಸ್ತೀಯೇನ?" ಪಕ್ಕದ ಸಾಲಿನಿಂದ ಹೊಳಿಯವ್ವ ಕೇಳಿದಳು.

"ನೋಡೂಣು."

"ಹ್ವಾದ ವರ್ಷನೂ ನೋಡೂಣು ಅಂದಿದ್ದಿ. ನೋಡಿ ನೋಡಿ ಕಣ್ಣ ಹೋದಾವು, ತಂಗಿ."

ಮೈಲವ್ವ ನಗಲಿಲ್ಲ. ಇಷ್ಟು ಜನರಿರುವಾಗ ಮನೆತನಕ ಬಂದು ಪ್ಲಾಟು ಹಾಕೆಂದು ತನ್ನನ್ನೇ ಕೇಳಿದ ಶಂಕ್ರಪ್ಪನ ಮೇಲೆ ಅವಳಿಗೆ ಗುಮಾನಿ. ಈ ವಾರವೆಲ್ಲ ತನ್ನೊಬ್ಬಳಿಗೇ ಚಹಾ ಕಳಿಸುತ್ತಿದ್ದ ಪ್ರಭುಲಿಂಗಪ್ಪನ ಮೇಲೂ ಗುಮಾನಿ. ಎಲ್ಲರಿಗಿಂತ ಹೆಚ್ಚು ತನ್ನ ಮೇಲೆಯೇ. ಸುಲಿಯದೆ ಬಿಟ್ಟ ಮೊಗ್ಗು ಅರಳಿ ತಾನೇ ಕಾಯಿ ಕಟ್ಟಿದರೆ ಬೀಜವೆಲ್ಲ ಬೆರಕೆ. ಕೂಲಿಗೆ ತಪ್ಪದ ಕೈ ಸ್ವಂತ ಹೊಲದಲ್ಲಿ ತಪ್ಪಿದರೆ?

ಅಷ್ಟರಲ್ಲಿ ಪ್ರಭುಲಿಂಗಪ್ಪ ಬದುವಿನ ಮೇಲೆ ನಿಂತು ಕರೆದ. ಅಂಗೈಯಲ್ಲಿ ಮೂರು ಅರಳಿದ ಹೂ.

"ನಿನ್ನ ಸಾಲಿನ್ಯಾಗ ಸಿಕ್ಕಾವ ನೋಡವ್ವಾ. ನಿನ್ನೆ ಸುಲಿಯೂದು ಬಿಟ್ಟೀದಿ. ನಂದಿರ್ಲಿ, ನಿನ್ನ ಹೊಲದಾಗ ಹಿಂಗಾದ್ರ ಕಂಪನಿಯವ್ರು ಒಂದು ಬೀಜಾನೂ ಮುಟ್ಟೂದಿಲ್ಲ. ಇನ್ನೊಂದು ವರ್ಷ ಕಲಿ. ಆಮ್ಯಾಲ ನಾನ ಮುಂದ ನಿಂತು ಬರಸ್ತೇನಿ."

ಅಂಜಿದ್ದೇ ಆಗಿತ್ತು. ಕೈ ಚಾಚಿ ಹೂಗಳನ್ನು ಇಸಿದುಕೊಂಡಳು. ಅಚ್ಚ ಹಳದಿ ಎಸಳು, ಬುಡದಲ್ಲಿ ಕೆಂಪು ಮಚ್ಚೆ.

ಅವಳ ಸಾಲಿನ ಹೆಣ್ಣುಗಿಡಗಳ ಹೂ ಕೆನೆಬಣ್ಣದ್ದು. ಅದಕ್ಕೆ ಮಚ್ಚೆ ಇರುವುದಿಲ್ಲ. ಇವು ಆಚೆಯ ಗಂಡುಸಾಲಿನಿಂದ ಕಿತ್ತು ತಂದವು. ಆರು ವರ್ಷದಲ್ಲಿ ಒಂದು ಮೊಗ್ಗನ್ನೂ ಮುಟ್ಟದವನಿಗೆ ಅಷ್ಟು ಗೊತ್ತಿರಲಿಲ್ಲ. ಅವಳು ಸ್ವಂತ ಪ್ಲಾಟು ಹಾಕಿದರೆ ತನ್ನ ಸಾಲು ನೋಡುವವರಿಲ್ಲ ಎಂಬುದಷ್ಟೇ ಗೊತ್ತಿತ್ತು.

"ಹೌದ್ರೀ ಸಾವ್ಕಾರ್ರ," ಎಂದಳು.

ಅವನು ಸಮಾಧಾನದಿಂದ ಪಂಪ್‌ಸೆಟ್ಟಿನ ಕಡೆ ಹೋದ.

"ಏನಂತ ಅವಂದು?" ಹೊಳಿಯವ್ವ ಕೇಳಿದಳು.

"ಏನಿಲ್ಲಕ್ಕ. ಲಗೂ ಕೈ ಓಡಸು, ಬಿಸಲ ಏರಾಕತ್ತೈತಿ."

ತನ್ನ ಹತ್ತು ಗುಂಟೆಯಲ್ಲಿ ಗಂಡುಸಾಲನ್ನು ಹಳ್ಳದ ಕಡೆ ಹಾಕಬೇಕು, ಹೆಣ್ಣುಸಾಲುಗಳನ್ನು ಬಾವಿಯ ಕಡೆ. ಶಂಕ್ರಪ್ಪ ಬಂದ ಕೂಡಲೇ ಯಾರನ್ನೂ ಕೇಳದೆ ಹೆಸರು ಬರೆಸುವುದು. ಬಿತ್ತುವ ದಿನದತನಕ ಮನೆಯಲ್ಲೂ ಬಾಯಿ ಬಿಡುವುದಿಲ್ಲ.